ಕಪ್ಪುಗಳ ನಡುವಿನ ಬೆಳಕು: ಸಿಲೂಯೆಟ್ ನೋಡುವ ರಸಿಕರಿಗೊಂದು ಕೈಪಿಡಿ

ಮರವಂತೆಯ ಕಡಲ ದಂಡೆಯಲ್ಲಿ ಒಂದೇ ಸಂಜೆ ತೆಗೆದ ಎರಡು ಫೋಟೊಗಳು ನನ್ನ ಬಳಿ ಇವೆ. ಎರಡರಲ್ಲೂ ಅದೇ ಹುಡುಗ, ಅದೇ ನಾಯಿ, ಅದೇ ಕಿತ್ತಳೆ ಆಕಾಶ. ಮೊದಲನೆಯದರಲ್ಲಿ ಹುಡುಗ ನಾಯಿಯನ್ನು ತಬ್ಬಿಕೊಂಡಿದ್ದಾನೆ. ಕಣ್ಣಿಗೆ ಬೀಳುವುದು ಮಾತ್ರ ಬಂಡೆಯಂಥ ಒಂದು ಕರಿಯ ಮುದ್ದೆ. ಎರಡನೆಯದರಲ್ಲಿ ಹುಡುಗ ಕೈ ಚಾಚಿದ್ದಾನೆ, ನಾಯಿ ಮೂತಿ ಎತ್ತಿದೆ. ಬೆರಳಿಗೂ ಮೂತಿಗೂ ನಡುವೆ ಗೇಣಗಲ ಬೆಳಕು. ತಬ್ಬಿಕೊಂಡಾಗ ಕಾಣದ ಅಕ್ಕರೆ, ಇನ್ನೂ ಮುಟ್ಟದಿರುವಾಗ ಕಾಣುತ್ತದೆ. ಹಿಂದಿನ ಬೆಳಕಿನೆದುರು ಮೈಯೆಲ್ಲ ಕಪ್ಪಾಗಿ ಕಾಣುವ ಇಂಥ ಚಿತ್ರವೇ ಸಿಲೂಯೆಟ್. ಅದನ್ನು ಸವಿಯಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದೇ: ಕಪ್ಪನ್ನು ಆಮೇಲೆ ನೋಡಿ, ಕಪ್ಪುಗಳ ನಡುವಿನ ಬೆಳಕನ್ನು ಮೊದಲು ನೋಡಿ.

ಗೆರೆಯೇ ಬಂಡವಾಳ

18ನೇ ಶತಮಾನದ ಯೂರೋಪಿನಲ್ಲಿ ಎಣ್ಣೆಬಣ್ಣದ ಭಾವಚಿತ್ರ ಬರೆಸಲು ಹಣವಿಲ್ಲದವರು ಕಪ್ಪು ಕಾಗದದಲ್ಲಿ ತಮ್ಮ ಮುಖದ ಪಕ್ಕನೋಟವನ್ನು ಕತ್ತರಿಸಿಕೊಳ್ಳುತ್ತಿದ್ದರು. 1759ರಲ್ಲಿ ಕೆಲವೇ ತಿಂಗಳು ಫ್ರಾನ್ಸಿನ ಹಣಕಾಸು ನೋಡಿಕೊಂಡ ಎಟಿಯೆನ್ ದ ಸಿಲೂಯೆಟ್ ಖರ್ಚಿಗೆ ಕತ್ತರಿ ಹಾಕುವುದರಲ್ಲಿ ಹೆಸರಾಗಿದ್ದ. ಅಗ್ಗದ ವಸ್ತುಗಳಿಗೆಲ್ಲ ಜನ ಅವನ ಹೆಸರಿಟ್ಟರು; ಈ ಕಾಗದದ ಚಿತ್ರಗಳಿಗೆ ಅದು ಶಾಶ್ವತವಾಗಿ ಅಂಟಿಕೊಂಡಿತು. ಕಣ್ಣಿಲ್ಲ, ಬಣ್ಣವಿಲ್ಲ, ಉಡುಗೆಯ ಕಸೂತಿಯಿಲ್ಲ. ಹಣೆ, ಮೂಗು, ಗದ್ದ ಹಾದುಹೋಗುವ ಒಂದು ಗೆರೆ ಮಾತ್ರ. ಬಲ್ಲವರು ಅಷ್ಟರಲ್ಲೇ ಆಳನ್ನು ಗುರುತು ಹಿಡಿಯುತ್ತಿದ್ದರು.

ನಮ್ಮ ತೊಗಲುಗೊಂಬೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹದ ಮಾಡಿದ ತೊಗಲಿನ ಮೂಲಕ ದೀಪ ಹಾಯ್ದು, ಕೆಂಪು ಹಸಿರು ಬಣ್ಣಗಳೆಲ್ಲ ಪರದೆಯ ಮೇಲೆ ಬೆಳಗುತ್ತವೆ. ಅಲ್ಲಿ ಬೆಳಕು ಮೈಯೊಳಗೆ ಬರುತ್ತದೆ. ಸಿಲೂಯೆಟ್‌ನಲ್ಲಿ ಅದು ಮೈಯಂಚಿಗೆ ಬಂದು ನಿಂತುಬಿಡುತ್ತದೆ. ಆದ್ದರಿಂದ ಇಲ್ಲಿ ಓದಬೇಕಾದದ್ದೆಲ್ಲ ಆ ಅಂಚಿನಲ್ಲಿದೆ.

ಬೆಳಕಿನ ಬಗೆ

ಕ್ಯಾಮೆರಾದ ಬೆಳಕಿನ ಅಳತೆಯನ್ನು ಹಿಂದಿನ ಆಕಾಶಕ್ಕೆ ಹೊಂದಿಸಿದಾಗ ಮುಂದಿನ ಮೈ ಕಪ್ಪಾಗುತ್ತದೆ. ಈಗಿನ ಮೊಬೈಲುಗಳು ಹಲವು ಎಕ್ಸ್‌ಪೋಷರ್‌ಗಳನ್ನು ಬೆರೆಸಿ ನೆರಳಿನಲ್ಲಿರುವುದನ್ನೂ ಎತ್ತಿ ತೋರಿಸುತ್ತವೆ. ಆಗ ಮುಖ ಕಪ್ಪೂ ಅಲ್ಲದೆ ಸ್ಪಷ್ಟವೂ ಅಲ್ಲದೆ ಬೂದಿಬಣ್ಣಕ್ಕೆ ತಿರುಗುತ್ತದೆ. ಅಂಥ ಅರೆಮನಸ್ಸಿನ ಕಪ್ಪನ್ನು ಗುರುತಿಸುವುದು ರಸಿಕನ ಮೊದಲ ಪಾಠ.

ಸೂರ್ಯ ಚೌಕಟ್ಟಿನೊಳಗೇ ಇದ್ದರೆ ಅವನ ಪ್ರಖರತೆ ಅಂಚನ್ನು ತಿನ್ನುತ್ತದೆ. ತೋಳು, ಬೆರಳು ಇದ್ದದ್ದಕ್ಕಿಂತ ಸಣಕಲಾಗುತ್ತವೆ. ಅನುಭವಿಗಳು ಸೂರ್ಯನನ್ನು ತಲೆಯ ಹಿಂದೋ ಮರದ ಹಿಂದೋ ಮರೆಮಾಡುತ್ತಾರೆ, ಇಲ್ಲವೇ ಮುಳುಗುವವರೆಗೆ ಕಾಯುತ್ತಾರೆ. ಮುಳುಗಿದ ಮೇಲೆ ಆಕಾಶ ಕೆಳಗೆ ಕೆಂಪಾಗಿ ಮೇಲೆ ನೀಲಿಯಾಗಿ ನುಣುಪಾಗಿ ಹರಡಿಕೊಳ್ಳುತ್ತದೆ. ಒಂದು ಕಿವಿಯ ತುದಿಯೂ ಎದ್ದು ಕಾಣುವ ಹೊತ್ತು ಅದು. ನಮ್ಮ ಕಡೆ ಆ ಹೊತ್ತು ಇಪ್ಪತ್ತು ನಿಮಿಷದ ಆಸುಪಾಸು ಅಷ್ಟೇ. ಸೂರ್ಯ ಇಲ್ಲಿ ಕಡಿದಾಗಿ ಇಳಿಯುತ್ತಾನೆ.

ದನ ಮನೆಗೆ ಬರುವ ಗೋಧೂಳಿಯ ಬೆಳಕು ಬೇರೆ. ದೂಳಿನಲ್ಲಿ ಹತ್ತಿರದ ಹಸು ಗಾಢವಾಗಿ, ದೂರದ್ದು ತೆಳುವಾಗಿ ಕಂಡು, ಕಪ್ಪಿನಲ್ಲೇ ನಾಲ್ಕಾರು ಪದರ ಮೂಡುತ್ತದೆ. ಕೊಡಗಿನ ಬೆಳಗಿನ ಮಂಜೂ ಇದೇ ಕೆಲಸ ಮಾಡುತ್ತದೆ. ಇನ್ನು ಬೆಕ್ಕಿನ ರೋಮದ ಸುತ್ತ ಚಿನ್ನದ ಎಳೆಯಂತೆ ಬೆಳಕು ಹೊಳೆಯುತ್ತಿದ್ದರೆ, ಅದು ಅಂಚುಬೆಳಕಿನ ಚಿತ್ರ. ಅಲ್ಲಿ ಸವಿಯುವುದು ರೋಮದ ಮೃದುತ್ವವನ್ನು, ಅಚ್ಚ ಸಿಲೂಯೆಟ್‌ನಲ್ಲಿ ಸವಿಯುವುದು ಆಕಾರದ ಖಚಿತತೆಯನ್ನು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು.

ಸಂದುಗಳನ್ನು ಎಣಿಸಿ

ಮನುಷ್ಯನ ಚಿತ್ರವಾದರೆ ತೋಳಿಗೂ ಸೊಂಟಕ್ಕೂ ನಡುವೆ, ಎರಡು ಕಾಲುಗಳ ನಡುವೆ, ಗದ್ದಕ್ಕೂ ಎದೆಗೂ ನಡುವೆ ಬೆಳಕು ನುಸುಳಿದೆಯೇ ನೋಡಿ. ಛಾಯಾಗ್ರಾಹಕ ಆಂರಿ ಕಾರ್ತಿಯೆ-ಬ್ರೆಸೋನ್ 1932ರಲ್ಲಿ ಪ್ಯಾರಿಸ್ಸಿನ ಸಾನ್-ಲಝಾರ್ ರೈಲು ನಿಲ್ದಾಣದ ಹಿಂಬದಿ ತೆಗೆದ ಚಿತ್ರದಲ್ಲಿ ಒಬ್ಬ ನಿಂತ ನೀರನ್ನು ಜಿಗಿದು ದಾಟುತ್ತಿದ್ದಾನೆ. ಹೆಚ್ಚುಕಡಿಮೆ ಕರಿಯ ಆಕೃತಿ. ಅವನ ಹಿಮ್ಮಡಿ ನೀರನ್ನು ಇನ್ನೂ ಮುಟ್ಟಿಲ್ಲ. ಹಿಮ್ಮಡಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಉಳಿದ ಆ ಚೂರು ಜಾಗವೇ ಚಿತ್ರದ ಉಸಿರು. ಅದನ್ನು ಬೆರಳಿನಿಂದ ಮುಚ್ಚಿ ನೋಡಿ, ಜಿಗಿತವೇ ಸತ್ತುಹೋಗುತ್ತದೆ.

ಸಾಕುಪ್ರಾಣಿಗಳಿಗೆ ಈ ನಿಯಮ ಇನ್ನೂ ಬಿಗಿ. ನಾಯಿ ಕ್ಯಾಮೆರಾದತ್ತ ನೇರ ನೋಡಿದರೆ ಮೂತಿ ತಲೆಯೊಳಗೆ ಕರಗುತ್ತದೆ. ಪಕ್ಕಕ್ಕೆ ತಿರುಗಿದರೆ ಮಾತ್ರ ಮೂತಿ, ಕಿವಿ, ಎದೆಯ ಬಾಗು, ಬಾಲ ಒಂದೊಂದಾಗಿ ಮಾತಾಡುತ್ತವೆ. ನಿಮಿರಿದ ಕಿವಿ ಎಚ್ಚರ ಹೇಳುತ್ತದೆ, ಕಾಲ ನಡುವೆ ಸೇರಿದ ಬಾಲ ಅಂಜಿಕೆ ಹೇಳುತ್ತದೆ. ಬೆಕ್ಕಿಗೆ ಕಿಟಕಿಯೇ ಸಾಕು: ಎರಡು ಕಿವಿಗಳ ತ್ರಿಕೋನ, ಬೆನ್ನಿನ ಇಳಿಜಾರು, ಸುರುಳಿ ಸುತ್ತಿದ ಬಾಲ. ಮೀಸೆಯ ಎಳೆಗಳೂ ಆಕಾಶದ ಮೇಲೆ ಗೆರೆಯಾಗಿ ಮೂಡಿದ್ದರೆ ಛಾಯಾಗ್ರಾಹಕ ಕಾದು ಕುಳಿತಿದ್ದಾನೆ ಎಂದೇ ತಿಳಿಯಿರಿ.

ಕ್ಯಾಮೆರಾ ಎಲ್ಲಿತ್ತು?

ನಿಂತೇ ತೆಗೆದ ಚಿತ್ರದಲ್ಲಿ ಮನುಷ್ಯನ ತಲೆ ಆಕಾಶಕ್ಕೆ ತಾಗುತ್ತದೆ, ಕುಳ್ಳಗಿನ ನಾಯಿಯನ್ನು ಕಪ್ಪು ನೆಲ ನುಂಗುತ್ತದೆ. ನಾಯಿಯ ನಾಲ್ಕೂ ಕಾಲು ಬೆಳಕಿನಲ್ಲಿ ಬಿಡಿಬಿಡಿಯಾಗಿ ಕಂಡರೆ, ತೆಗೆದವರು ಮಣ್ಣಿಗೆ ಮೈ ತಾಗಿಸಿದ್ದಾರೆ. ಇಲ್ಲವೇ ಕೆರೆ ಏರಿಯಂಥ ಜಾಗ ಹುಡುಕಿದ್ದಾರೆ. ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುವವರು, ಕೆಳಗೆ ಗದ್ದೆಯಲ್ಲಿ ಕ್ಯಾಮೆರಾ, ಹಿಂದೆ ಬರಿಯ ಆಕಾಶ. ಸಿಲೂಯೆಟ್‌ಗೆ ಇದಕ್ಕಿಂತ ಒಳ್ಳೆಯ ರಂಗಮಂಚ ನಾನು ಕಂಡಿಲ್ಲ.

ಸೂರ್ಯನ ಬಿಂಬದೊಳಗೆ ಇಡೀ ಆಳು ನಿಂತಿರುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಸೂರ್ಯ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಅಗಲ. ಐದೂವರೆ ಅಡಿಯ ಆಳು ಅಷ್ಟು ಸಣ್ಣದಾಗಿ ಕಾಣಬೇಕಾದರೆ ಸುಮಾರು 180 ಮೀಟರ್ ದೂರದಲ್ಲಿರಬೇಕು. ಅಂದರೆ ಅದು ದೂರ, ಉದ್ದನೆಯ ಲೆನ್ಸ್ ಮತ್ತು ತಾಳ್ಮೆ ಸೇರಿ ಆದ ಚಿತ್ರ. ಆ ಶ್ರಮವನ್ನು ಮೆಚ್ಚೋಣ. ಆದರೆ ಆಳಿನ ನಿಲುವಿನಲ್ಲಿ ಏನೂ ಇಲ್ಲದಿದ್ದರೆ ದೊಡ್ಡ ಸೂರ್ಯನೊಬ್ಬನೇ ಚಿತ್ರವನ್ನು ಉಳಿಸಲಾರ.

ಕೊನೆಗೆ ಖಾಲಿ ಜಾಗ. ದಿಗಂತದ ಗೆರೆ ಕತ್ತನ್ನು ಕಡಿಯುತ್ತಿದೆಯೇ? ನಾಯಿ ನೋಡುತ್ತಿರುವ ದಿಕ್ಕಿನಲ್ಲಿ ನೋಟ ಹರಿಯಲು ಜಾಗವಿದೆಯೇ? ಮುದುಕನೊಬ್ಬ ದೊಡ್ಡ ಆಕಾಶದ ಕೆಳಗೆ ಪುಟ್ಟದಾಗಿದ್ದರೆ ಆ ಆಕಾಶವನ್ನು ವ್ಯರ್ಥವೆನ್ನಬೇಡಿ. ಅವನ ಪಕ್ಕದಲ್ಲಿ ಕೂತ ನಾಯಿಯ ತೂಕ ಅದರಿಂದಲೇ ಹೆಚ್ಚಿರಬಹುದು.

ಮುಖ ಕಾಣದಿದ್ದರೂ ನಮ್ಮವರನ್ನು ನಾವು ನಡಿಗೆಯಿಂದ, ಬಾಗಿದ ಬೆನ್ನಿನಿಂದ, ಬಾಲದ ಅಲ್ಲಾಟದಿಂದ ಗುರುತಿಸುತ್ತೇವೆ. ಸಿಲೂಯೆಟ್ ನಂಬಿ ನಿಂತಿರುವುದು ಆ ಗುರುತನ್ನೇ. ಇವತ್ತು ಸಂಜೆ ಮನೆಯವರು ಬಾಗಿಲಲ್ಲಿ ನಿಂತಾಗ, ದೀಪ ಹಾಕುವ ಮುಂಚೆ, ಒಂದು ನಿಮಿಷ ಸುಮ್ಮನೆ ಅವರ ಅಂಚನ್ನು ನೋಡಿ. ಕ್ಯಾಮೆರಾ ಬೇಕಿಲ್ಲ. ನೋಡುವುದು ಅಲ್ಲಿಂದ ಶುರುವಾಗಲಿ.