ಅರ್ಜಿಯಲ್ಲಿ ಹಿಡಿಸದ ಊರು

ಉರ್ದು ಶಾಲೆಯಲ್ಲಿ ಓದಿದ ನನಗೆ ಅಮಲು ಮೊದಲು ಪರಿಚಯವಾದದ್ದು ಕಾವ್ಯದಲ್ಲಿ. ಮನೆಯಲ್ಲಿ ಹೆಂಡದ ಹೆಸರೆತ್ತುವಂತಿರಲಿಲ್ಲ. ತರಗತಿಯಲ್ಲಿ ಮಾತ್ರ ಉಸ್ತಾದರು ಸಾಕಿ, ಜಾಮು, ಮೈಖಾನಗಳ ಒಳ ಅರ್ಥಗಳನ್ನು ರಸವತ್ತಾಗಿ ಬಿಡಿಸಿ ಹೇಳುತ್ತಿದ್ದರು. ಆದರೆ ಮಜಾಜ್‌ನಂಥ ಕವಿ 1955ರ ಡಿಸೆಂಬರಿನ ಚಳಿಯಲ್ಲಿ ಲಖನೌದ ಹೆಂಡದಂಗಡಿಯೊಂದರ ಮಾಳಿಗೆಯ ಮೇಲೆ ಒಂಟಿಯಾಗಿ ಬಿದ್ದಿದ್ದು, ಬದುಕುಳಿಯಲಿಲ್ಲ ಎಂಬುದನ್ನು ಯಾರೂ ಪಾಠ ಮಾಡಲಿಲ್ಲ. ಅಮಲನ್ನು ರೂಪಕ ಮಾಡಿಕೊಂಡ ಸಾಹಿತ್ಯ, ಅಮಲಿಗೆ ಬಿದ್ದ ಮನುಷ್ಯನನ್ನು ಅನೇಕ ಸಲ ಮಾಳಿಗೆಯ ಮೇಲೆಯೇ ಬಿಟ್ಟುಬಂದಿದೆ.

ಅಮೆರಿಕದ ಲೇಖಕಿ ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ಡೀಮನ್ ಕಾಪರ್‌ಹೆಡ್’ (2022) ಓದುವಾಗ ಇದು ನೆನಪಾಯಿತು. ಈ ಕಾದಂಬರಿಯಲ್ಲಿ ಅಮಲಿಗೆ ಯಾವ ಸೊಗಸೂ ಇಲ್ಲ. ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ನ ಅನಾಥ ಬಾಲಕನನ್ನು ಕಿಂಗ್‌ಸಾಲ್ವರ್ ವರ್ಜೀನಿಯಾ ರಾಜ್ಯದ ಲೀ ಕೌಂಟಿ ಎಂಬ ಗುಡ್ಡಗಾಡಿನ ಬಡ ಸೀಮೆಗೆ ಕರೆತಂದಿದ್ದಾರೆ. ಹುಡುಗನ ತಾಯಿ ಅವನ ಹುಟ್ಟುಹಬ್ಬದ ದಿನವೇ ನೋವಿನ ಮಾತ್ರೆ ಮಿತಿಮೀರಿ ಸಾಯುತ್ತಾಳೆ. ಸಾಕುಮನೆಗಳನ್ನು ದಾಟಿ ಫುಟ್‌ಬಾಲ್ ಆಟಗಾರನಾಗಿ ಅವನು ತಲೆಯೆತ್ತುವಷ್ಟರಲ್ಲಿ ಮಂಡಿ ಮುರಿಯುತ್ತದೆ. ವೈದ್ಯರೇ ಬರೆದುಕೊಟ್ಟ ಮಾತ್ರೆ ಅವನನ್ನೂ ಹಿಡಿದುಕೊಳ್ಳುತ್ತದೆ. ಇಲ್ಲಿ ಮೈಖಾನ ಎಂದರೆ ಔಷಧದಂಗಡಿ, ಸಾಕಿ ಎಂದರೆ ಚೀಟಿ ಬರೆಯುವ ಡಾಕ್ಟರು.

ಇದು ಬರಿಯ ಕಲ್ಪನೆಯಲ್ಲ. ಅಫೀಮಿನ ಕುಲಕ್ಕೆ ಸೇರಿದ ಆಕ್ಸಿಕಾಂಟಿನ್ ಮಾತ್ರೆಯನ್ನು ಪರ್ಡ್ಯೂ ಕಂಪನಿ ಮಾರುಕಟ್ಟೆಗೆ ತಂದದ್ದು 1996ರಲ್ಲಿ. ಗಣಿ ಕೆಲಸದಲ್ಲಿ ಮೈ ಜಜ್ಜಿಕೊಂಡವರು, ಮರ ಕಡಿಯುವವರು ಹೆಚ್ಚಾಗಿರುವ ಇಂಥ ಸೀಮೆಗಳಲ್ಲಿ ನೋವಿಗೇನೂ ಬರವಿರಲಿಲ್ಲ. ಲೀ ಕೌಂಟಿಯ ಹಳ್ಳಿ ವೈದ್ಯ ಆರ್ಟ್ ವ್ಯಾನ್ ಝೀ 2000ದ ಹೊತ್ತಿಗೇ ಈ ಮಾತ್ರೆಯ ಅಪಾಯವನ್ನು ಕೂಗಿ ಹೇಳುತ್ತಿದ್ದರು. ವ್ಯಸನದ ಅಪಾಯದ ಬಗ್ಗೆ ಜನರನ್ನು ದಾರಿ ತಪ್ಪಿಸಿದ್ದಾಗಿ ಕಂಪನಿಯ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದು 2007ರಲ್ಲಿ. 2021ರಲ್ಲಿ ಆ ದೇಶದಲ್ಲಿ ಮಾದಕ ಪದಾರ್ಥಗಳು ಮಿತಿಮೀರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರ ಸಾವಿನಲ್ಲಿ ಓಪಿಯಾಯ್ಡ್‌ಗಳ ಪಾತ್ರವಿತ್ತು.

ಸರ್ಕಾರ ಸುಮ್ಮನೆ ಕುಳಿತಿತ್ತೇ? ಇಲ್ಲ. ಅಲ್ಲಿನ ಕೇಂದ್ರ ಆರೋಗ್ಯ ಇಲಾಖೆಯ ಎಚ್‌ಆರ್‌ಎಸ್‌ಎ ಎಂಬ ಸಂಸ್ಥೆ 2018ರಲ್ಲಿ ಗ್ರಾಮೀಣ ಸಮುದಾಯಗಳಿಗಾಗಿಯೇ ಒಂದು ಕಾರ್ಯಕ್ರಮ ಹೊರಡಿಸಿತು. ಅದರ ಮೊದಲ ಮೆಟ್ಟಿಲು ಯೋಜನಾ ಅನುದಾನ: 95 ಸಂಸ್ಥೆಗಳಿಗೆ, ತಲಾ 2 ಲಕ್ಷ ಡಾಲರ್‌ವರೆಗೆ, ಒಂದು ವರ್ಷಕ್ಕೆ. ಷರತ್ತುಗಳೂ ಇದ್ದವು. ಕನಿಷ್ಠ 4 ಸಂಸ್ಥೆಗಳು ಕೂಡಿ ಒಕ್ಕೂಟ ಕಟ್ಟಬೇಕು, ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ತಡೆ, ಚಿಕಿತ್ಸೆ, ಚೇತರಿಕೆ ಈ ಮೂರರಲ್ಲಿ ಊರಿನ ಕೊರತೆಗಳನ್ನು ಪಟ್ಟಿ ಮಾಡಬೇಕು. ಆಮೇಲೆ ಕಾರ್ಯಯೋಜನೆ, ಸಿಬ್ಬಂದಿಯ ಯೋಜನೆ, ಹಣ ನಿಂತ ಮೇಲೂ ಕೆಲಸ ನಡೆಯುವ ಯೋಜನೆ ಬರೆಯಬೇಕು. ಮಾತ್ರೆ ಬಂದು 22 ವರ್ಷಗಳಾದ ಮೇಲೆ ಊರುಗಳಿಗೆ ಸಿಕ್ಕ ಕೆಲಸ, ಯೋಜನೆ ಬರೆಯುವುದು!

ಕಥೆಗಾರನಿಗೆ ಇಲ್ಲಿ ನಗುವುದು ಸುಲಭ. ನಾನೂ ನಕ್ಕೆ. ಒಮ್ಮೆ ನಮ್ಮೂರಿನ ಮಹಿಳಾ ಸಂಘವೊಂದಕ್ಕೆ ಅನುದಾನದ ಅರ್ಜಿ ತುಂಬಿಕೊಡುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು, “ನನ್ನ ಗಂಡ ಕುಡಿದು ಬಂದು ಅನ್ನದ ಪಾತ್ರೆ ಬೀದಿಗೆ ಎಸೀತಾನೆ. ಇದನ್ನ ಯಾವ ಕಾಲಂನಲ್ಲಿ ಬರೀತೀರಿ, ಸಾಬ್ರೇ?” ಎಂದು ಕೇಳಿದ್ದಳು. ನಾನು ‘ಇತರೆ’ ಎಂಬಲ್ಲಿ ಬರೆದೆ. ಅರ್ಜಿಗೆ ಊರು ಹಿಡಿಸುವುದಿಲ್ಲ. ‘ಚೇತರಿಕೆ ಸೇವೆಗಳ ಕೊರತೆ’ ಎಂದು ಬರೆದರೆ, ಸಾಯುತ್ತಿರುವ ತಂದೆಯನ್ನು ನೋಡಿಕೊಳ್ಳುತ್ತಾ ಅವನ ನೋವಿನ ಪಟ್ಟಿಗಳಿಗೇ ತಾನು ಬಲಿಯಾದ ಡೋರಿ ಎಂಬ ಹುಡುಗಿ ಅದರಲ್ಲಿ ಕಾಣುವುದಿಲ್ಲ. ಕಾದಂಬರಿಯಲ್ಲಿ ಕಾಣುತ್ತಾಳೆ, ಪುಸ್ತಕ ಮುಚ್ಚಿದ ಮೇಲೂ ಕಾಡುತ್ತಾಳೆ.

ಹಾಗಾದರೆ ಕಾದಂಬರಿ ಗೆದ್ದಿತು, ಅರ್ಜಿ ಸೋತಿತು ಎನ್ನೋಣವೇ? ಹಾಗೆನ್ನಲು ನನಗೆ ಧೈರ್ಯ ಸಾಲದು. ಏಕೆಂದರೆ ಡೀಮನ್ ಚೇತರಿಸಿಕೊಳ್ಳುವುದು ಲೀ ಕೌಂಟಿಯಲ್ಲಿ ಅಲ್ಲ, ಟೆನೆಸ್ಸಿಯ ನಾಕ್ಸ್‌ವಿಲ್ ಪಟ್ಟಣದಲ್ಲಿ. ಊರು ಬಿಟ್ಟವನು ಬದುಕುತ್ತಾನೆ. ಹಳ್ಳಿಯ ಜನರನ್ನು ಹೀಯಾಳಿಸುವ ನಗರದವರ ಮೇಲೆ ಪುಟಪುಟದಲ್ಲೂ ಸಿಟ್ಟು ಕಾರುವ ಈ ಕಾದಂಬರಿಗೆ, ನಾಯಕನನ್ನು ಅವನ ಊರಲ್ಲೇ ಉಳಿಸಿ ಗುಣಪಡಿಸಲು ಆಗಲಿಲ್ಲ. ಇದು ಲೇಖಕಿಯ ಕೈ ಸೋತದ್ದಲ್ಲ, ಸತ್ಯಕ್ಕೆ ಆಕೆ ತೋರಿದ ನಿಷ್ಠೆ. ಹೋಗಿ ಸೇರಿಕೊಳ್ಳಲು ಊರಲ್ಲಿ ಒಂದು ಮನೆ ಬೇಕಲ್ಲ! ಆ ಇಲ್ಲದ ಮನೆಯನ್ನೇ ಅರ್ಜಿ ತನ್ನ ಒಣ ಭಾಷೆಯಲ್ಲಿ ‘ಕೊರತೆ’ ಎಂದು ಕರೆಯುತ್ತದೆ. ಕಾದಂಬರಿಗಿಂತ ನೀರಸ ಮಾತು, ಆದರೆ ಸುಳ್ಳಲ್ಲ.

ನನ್ನ ಆಕ್ಷೇಪಣೆ ಯೋಜನೆಯ ಮೇಲಲ್ಲ, ಅದು ಯಾರ ಕೈಯಲ್ಲಿ ತಯಾರಾಗುತ್ತದೆ ಎಂಬುದರ ಮೇಲೆ. ಅರ್ಜಿ ಬರೆಯಬಲ್ಲ ಸಂಸ್ಥೆ ಇರುವ ಊರಿಗೆ ಅನುದಾನ ಸಿಗುತ್ತದೆ. ಅರ್ಜಿ ಬರೆಯುವವರೂ ಇಲ್ಲದಷ್ಟು ಬಡವಾದ ಊರು, ಅದಕ್ಕೇ ಹೆಚ್ಚು ಅಗತ್ಯವಿದ್ದರೂ, ಪಟ್ಟಿಯ ಹೊರಗೇ ಉಳಿಯುತ್ತದೆ. ಲೀ ಕೌಂಟಿಯ ಒಂದೇ ಆಸ್ಪತ್ರೆ 2013ರಲ್ಲಿ ಮುಚ್ಚಿ ಮತ್ತೆ ತೆರೆದದ್ದು 2021ರಲ್ಲಿ. ಅಷ್ಟು ವರ್ಷ ಆಸ್ಪತ್ರೆಯೇ ಇಲ್ಲದ ಕಡೆ ನಾಲ್ಕು ಸಂಸ್ಥೆಗಳ ಒಕ್ಕೂಟ ಕಟ್ಟುವುದು ಕಾಗದದ ಮೇಲೆ ಹೇಳಿದಷ್ಟು ಸುಲಭವಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಪುಲಿಟ್ಜರ್ ಪ್ರಶಸ್ತಿ ಪಡೆದ ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಬಂದ ಗೌರವಧನವನ್ನು ಏನು ಮಾಡಬೇಕೆಂದು ಕಿಂಗ್‌ಸಾಲ್ವರ್ ಲೀ ಕೌಂಟಿಯ ಜನರನ್ನೇ ಕೇಳಿದರು. ವ್ಯಸನದಿಂದ ಹೊರಬರುವವರಿಗೆ ಒಂದು ನೆಲೆ ಬೇಕು ಎಂದರು ಅವರು. 2025ರ ಆರಂಭದಲ್ಲಿ ಪೆನಿಂಗ್ಟನ್ ಗ್ಯಾಪ್ ಎಂಬ ಪುಟ್ಟ ಪಟ್ಟಣದಲ್ಲಿ ಹೆಂಗಸರಿಗಾಗಿ ‘ಹೈಯರ್ ಗ್ರೌಂಡ್’ ಎಂಬ ಮನೆ ಬಾಗಿಲು ತೆರೆಯಿತು. ಕಾದಂಬರಿಯಲ್ಲಿ ಕಟ್ಟಲಾಗದ ಮನೆಯನ್ನು ಕಾದಂಬರಿಯ ದುಡ್ಡು ಕಟ್ಟಿತು.

ಎಲ್ಲ ಲೇಖಕರೂ ಹೀಗೆ ಮಾಡಲಾಗದು. ನನ್ನ ಕಥಾಸಂಕಲನಗಳ ಗೌರವಧನದಲ್ಲಿ ಒಂದು ಬಾಗಿಲ ಚೌಕಟ್ಟೂ ಬಾರದು. ದಾನಿಯ ಮರ್ಜಿಯ ಮೇಲೆ ಊರಿನ ಆರೋಗ್ಯ ನಿಲ್ಲಲೂಬಾರದು. ಅದು ಸರ್ಕಾರದ ಹೊಣೆ. ಆದರೆ ಆಕೆ ಮೊದಲು ಮಾಡಿದ ಕೆಲಸ ಯಾರಿಗೂ ದುಬಾರಿಯಲ್ಲ. ಹೋಗಿ ಕೂತು ಕೇಳಿದರು, ಕೇಳಿಸಿಕೊಂಡರು. ಅನುದಾನದ ಆ ಒಂದು ವರ್ಷ ಇದಕ್ಕೆ ಬಳಕೆಯಾದರೆ ಎರಡು ಲಕ್ಷ ಡಾಲರ್ ದಂಡವಲ್ಲ. ಅಂದು ಆ ಹೆಂಗಸಿನ ಮಾತನ್ನು ‘ಇತರೆ’ಯ ಬದಲು ಅರ್ಜಿಯ ಮೊದಲ ಸಾಲಿನಲ್ಲೇ ನಾನು ಬರೆಯಬೇಕಾಗಿತ್ತು.