‘ಬಹುದು’ ಎನ್ನುವ ಲೆಕ್ಕ ಮತ್ತು ಅರ್ಧದ ಮೇಲಿನ ಭರವಸೆ

ತಂಗಿಯ ಮಗ ಜಿಮ್ಯಾಟ್‌ಗೆ ಓದುತ್ತಿದ್ದಾನೆ. ಮೊನ್ನೆ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, “ದೊಡ್ಡಮ್ಮ, ಇದರ ಉತ್ತರ ತಪ್ಪಾಗಿ ಪ್ರಿಂಟಾಗಿದೆ ಅನ್ಸತ್ತೆ, ಸ್ವಲ್ಪ ನೋಡು” ಎಂದು ಹಾಳೆ ಚಾಚಿದ. ಆ ಪರೀಕ್ಷೆಗೆ ಕೂರುವವರಿಗೆಲ್ಲ ಚಿರಪರಿಚಿತವಾದ ಲೆಕ್ಕ ಅದು. ಎಕ್ಸ್ ಒಂದು ಧನ ಸಂಖ್ಯೆ. ಅದರ ವರ್ಗ, ಅದರ ದುಪ್ಪಟ್ಟು, ಅದರ ವ್ಯುತ್ಕ್ರಮ, ಅಂದರೆ ಒಂದನ್ನು ಎಕ್ಸ್‌ನಿಂದ ಭಾಗಿಸಿದ್ದು. ಈ ಮೂರನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ ಯಾವ ಯಾವ ಕ್ರಮ ಬರಬಹುದು? ಕೊಟ್ಟಿರುವ ಕ್ರಮಗಳು ಮೂರು. ಮೊದಲನೆಯದು ವರ್ಗ, ದುಪ್ಪಟ್ಟು, ವ್ಯುತ್ಕ್ರಮ. ಎರಡನೆಯದು ವರ್ಗ, ವ್ಯುತ್ಕ್ರಮ, ದುಪ್ಪಟ್ಟು. ಮೂರನೆಯದು ದುಪ್ಪಟ್ಟು, ವರ್ಗ, ವ್ಯುತ್ಕ್ರಮ.

ಹುಡುಗ ಕೋಚಿಂಗ್‌ನಲ್ಲಿ ಹೇಳಿಕೊಟ್ಟ ಹಾಗೇ ಮಾಡಿದ್ದ. ಮೊದಲು ಅರ್ಧ ಹಾಕಿದ್ದ. ವರ್ಗ ಕಾಲು, ದುಪ್ಪಟ್ಟು ಒಂದು, ವ್ಯುತ್ಕ್ರಮ ಎರಡು; ಮೊದಲನೆಯ ಕ್ರಮ ಸಿಕ್ಕಿತು. ಒಂದು ಹಾಕಿದರೆ ವರ್ಗ, ವ್ಯುತ್ಕ್ರಮ ಎರಡೂ ಸಮ. ಎರಡು ಹಾಕಿದರೆ ವರ್ಗ, ದುಪ್ಪಟ್ಟು ಸಮ. ಮೂರು ಹಾಕಿದರೆ ಪಟ್ಟಿಯಲ್ಲೇ ಇಲ್ಲದ ಕ್ರಮ. ಅನುಮಾನಕ್ಕೆ ಇರಲಿ ಎಂದು ಕಾಲನ್ನೂ ಹಾಕಿ ನೋಡಿದ್ದ. ಅರ್ಧ ಹೇಳಿದ್ದನ್ನೇ ಅದೂ ಹೇಳಿತು. ‘ಒಂದನೆಯದು ಮಾತ್ರ’ ಎಂದು ಗುರುತು ಹಾಕಿದ. ಸರಿಯುತ್ತರ ‘ಒಂದು ಮತ್ತು ಎರಡು’. ಹಿಂದಿನ ಪುಟದ ವಿವರಣೆಯಲ್ಲಿ ‘ಎಕ್ಸ್ 0.9 ಎಂದಿಟ್ಟುಕೊಳ್ಳಿ’ ಎಂದಿತ್ತು. ಹೌದು, 0.9 ಹಾಕಿದರೆ ವರ್ಗ 0.81, ವ್ಯುತ್ಕ್ರಮ ಸುಮಾರು 1.11, ದುಪ್ಪಟ್ಟು 1.8. ಎರಡನೆಯ ಕ್ರಮ ಕಣ್ಣೆದುರಿಗಿದೆ. ಆದರೆ ಈ 0.9 ಎಲ್ಲಿಂದ ಬಂತು? ಅದರ ಬಗ್ಗೆ ಒಂದಕ್ಷರವಿಲ್ಲ. ಇಸ್ಪೀಟಿನವನು ತೋಳಿನಿಂದ ಎಲೆ ತೆಗೆದ ಹಾಗೆ.

ನನ್ನ ತಕರಾರು ಇಲ್ಲಿಂದಲೇ ಶುರು. ಅಸಮತೆಗಳ ಪ್ರಶ್ನೆಗಳಿಗೆ ‘ಬೆಲೆ ಹಾಕಿ ನೋಡು’ ಎನ್ನುವ ಪದ್ಧತಿಯನ್ನು ಅಡ್ಡದಾರಿ ಎಂದು ಮೂಗು ಮುರಿಯುವ ಮೇಷ್ಟ್ರುಗಳ ಗುಂಪಿಗೆ ನಾನು ಸೇರಿದವಳಲ್ಲ. ‘ಬರಬಹುದೇ’ ಎಂದು ಕೇಳಿದಾಗ ಒಂದೇ ಒಂದು ಉದಾಹರಣೆ ಸಾಕು. ಅದೇ ಪೂರ್ತಿ ಸಾಧನೆ. ಇದಕ್ಕಿಂತ ಶುದ್ಧವಾದ ಗಣಿತ ಬೇಕಿಲ್ಲ. ಸಾಲದ್ದಕ್ಕೆ, ಜಿಮ್ಯಾಟ್‌ನ ಗಣಿತ ವಿಭಾಗದಲ್ಲಿ ಈಗ 45 ನಿಮಿಷಕ್ಕೆ 21 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಒಂದಕ್ಕೆ ಎರಡು ನಿಮಿಷದ ಮೇಲೆ ಒಂದಷ್ಟು ಸೆಕೆಂಡು. ಅಷ್ಟರಲ್ಲಿ ಸಂಖ್ಯೆ ಹಾಕಿ ನೋಡದೆ ಇನ್ನೇನು ಮಾಡಬೇಕು?

ತಕರಾರಿರುವುದು ಯಾವ ಸಂಖ್ಯೆ ಹಾಕಬೇಕು ಎಂಬ ಸಿದ್ಧ ಪಟ್ಟಿಯ ಮೇಲೆ. ಎರಡು, ಅರ್ಧ, ಮೈನಸ್ ಅರ್ಧ, ಮೈನಸ್ ಎರಡು, ಜೊತೆಗೆ ಸೊನ್ನೆ ಮತ್ತು ಒಂದು. ಮಗ್ಗಿಯ ಹಾಗೆ ಬಾಯಿಪಾಠ. ಈ ಪಟ್ಟಿ ಸುಮ್ಮನೆ ಹುಟ್ಟಿದ್ದಲ್ಲ. ಎಕ್ಸ್, ಅದರ ವರ್ಗ, ಅದರ ಘನ, ಇವುಗಳಲ್ಲಿ ಯಾವುದು ದೊಡ್ಡದು ಎಂಬುದು ಮೈನಸ್ ಒಂದು, ಸೊನ್ನೆ, ಒಂದು ಎಂಬ ಮೂರು ಕಡೆ ಮಾತ್ರ ಬದಲಾಗುತ್ತದೆ. ಸಂಖ್ಯಾರೇಖೆಯನ್ನು ಆ ಮೂರು ಗಡಿಗಳು ನಾಲ್ಕು ಸೀಮೆಗಳಾಗಿ ಒಡೆಯುತ್ತವೆ. ಸೀಮೆಗೊಬ್ಬ ಪ್ರತಿನಿಧಿಯ ಹಾಗೆ ಆ ನಾಲ್ಕು ಸಂಖ್ಯೆ, ಗಡಿಗಳಿಗೆ ಮಿಕ್ಕವು. ಬಹಳ ಚೊಕ್ಕವಾದ ಏರ್ಪಾಡು. ಯಾರೋ ಬುದ್ಧಿವಂತರು ಒಂದು ಜಾತಿಯ ಲೆಕ್ಕಗಳನ್ನು ಕೂತು ಯೋಚಿಸಿ ಭಟ್ಟಿ ಇಳಿಸಿದ್ದು. ಆಮೇಲಿನವರು ಯೋಚನೆಯನ್ನು ಬಿಟ್ಟು ಪಟ್ಟಿಯನ್ನು ಮಾತ್ರ ಉಳಿಸಿಕೊಂಡರು.

ನಮ್ಮ ಲೆಕ್ಕದಲ್ಲಿ ದುಪ್ಪಟ್ಟು ಬಂದು ಕೂತಿದೆ. ಗಡಿಗಳು ಸರಿದಿವೆ. ವರ್ಗವೂ ದುಪ್ಪಟ್ಟೂ ಸಮವಾಗುವುದು ಎರಡರಲ್ಲಿ. ವರ್ಗವೂ ವ್ಯುತ್ಕ್ರಮವೂ ಸಮವಾಗುವುದು ಒಂದರಲ್ಲಿ. ದುಪ್ಪಟ್ಟೂ ವ್ಯುತ್ಕ್ರಮವೂ ಸಮವಾಗಬೇಕಾದರೆ ಎಕ್ಸ್‌ನ ವರ್ಗ ಅರ್ಧ ಆಗಬೇಕು, ಅಂದರೆ ಎಕ್ಸ್ ಸುಮಾರು 0.707. ಒಂದು ಗೆರೆ ಎಳೆದು ಈ ಮೂರು ಚುಕ್ಕೆ ಇಟ್ಟು ಹುಡುಗನ ಮುಂದೆ ತಳ್ಳಿದೆ. ಸೊನ್ನೆಯ ಬಲಕ್ಕೆ ನಾಲ್ಕು ಸೀಮೆ. 0.707ರಿಂದ ಒಂದರವರೆಗಿನದು ಕಿರುಓಣಿ, ಅಗಲ 0.3 ಕೂಡ ಇಲ್ಲ. ಅರ್ಧವಾಗಲಿ ಕಾಲಾಗಲಿ ಆ ಓಣಿಯೊಳಕ್ಕೆ ಹೋಗುವುದೇ ಇಲ್ಲ. “ಮುಕ್ಕಾಲು ಹಾಕು” ಎಂದೆ. ವರ್ಗ ಹದಿನಾರರಲ್ಲಿ ಒಂಬತ್ತು, ವ್ಯುತ್ಕ್ರಮ ಮೂರರಲ್ಲಿ ನಾಲ್ಕು, ದುಪ್ಪಟ್ಟು ಒಂದೂವರೆ. ದಶಮಾಂಶದ ಗೊಡವೆಯಿಲ್ಲದೆ ಎರಡನೆಯ ಕ್ರಮ ಬಂತು. ಪ್ರಶ್ನೆ ಕಟ್ಟಿದವರ ಜಾಣ್ಮೆಗೆ ಇಲ್ಲಿ ತಲೆದೂಗಲೇಬೇಕು. ಅರ್ಧ ಹಾಕಿ ನಿಲ್ಲಿಸುವವರು ಇದ್ದೇ ಇರುತ್ತಾರೆ ಎಂದು ಗೊತ್ತಿದ್ದೇ ಅವರು ‘ಒಂದನೆಯದು ಮಾತ್ರ’ ಎಂಬ ಆಯ್ಕೆಯನ್ನು ಇಟ್ಟಿರುವುದು.

ಮೂರನೆಯ ಕ್ರಮದ ಕತೆ ಬೇರೆ. ‘ಬರಲಾರದು’ ಎಂದು ಹೇಳಲು ಎಷ್ಟು ಸಂಖ್ಯೆ ಹಾಕಿದರೂ ಸಾಲದು. ನೂರು ಸಲ ಸೋತರೂ ನೂರೊಂದನೆಯದರ ಭಯ ಇದ್ದೇ ಇರುತ್ತದೆ. ಅಲ್ಲಿ ಕಾರಣ ಬೇಕು. ದುಪ್ಪಟ್ಟಿಗಿಂತ ವರ್ಗ ದೊಡ್ಡದಾಗಲು ಎಕ್ಸ್ ಎರಡನ್ನು ದಾಟಬೇಕು. ವರ್ಗಕ್ಕಿಂತ ವ್ಯುತ್ಕ್ರಮ ದೊಡ್ಡದಾಗಲು ಎಕ್ಸ್ ಒಂದರೊಳಗೆ ಇರಬೇಕು. ಎರಡೂ ಒಟ್ಟಿಗೆ ಆಗದು, ಅಷ್ಟೇ. ಹುಡುಗ ಮೂರನೆಯದನ್ನು ಬಿಟ್ಟಿದ್ದು ಸರಿಯೇ. ಆದರೆ ಎರಡನೆಯದನ್ನೂ ಮೂರನೆಯದನ್ನೂ ಅವನು ಬಿಟ್ಟಿದ್ದು ಒಂದೇ ಕಾರಣಕ್ಕೆ: ‘ಹಾಕಿ ನೋಡಿದೆ, ಬರಲಿಲ್ಲ.’ ಅದರಲ್ಲಿ ಒಂದು ತಪ್ಪಾಗಿ, ಇನ್ನೊಂದು ಅದೃಷ್ಟಕ್ಕೆ ಸರಿಯಾಯಿತು.

ಕನ್ನಡದವರಿಗೆ ಈ ಪ್ರಶ್ನೆಗಳು ತುಸು ಹೆಚ್ಚೇ ತೊಡಕು ಎಂದು ನನಗೆ ಆಗಾಗ ಅನ್ನಿಸುವುದುಂಟು. ನಮ್ಮ ‘ಬಹುದು’ ಬಲು ಮೆತ್ತಗಿನ ಮಾತು. ಹೆಣ್ಣು ನೋಡಿ ಹೊರಟವರು ‘ಆಗಬಹುದು, ತಿಳಿಸ್ತೀವಿ’ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆಫೀಸಿನಲ್ಲಿ ‘ನೀವಿನ್ನು ಹೊರಡಬಹುದು’ ಎಂದರೆ ಹೊರಡಲೇಬೇಕು. ಬೀಜಗಣಿತದ ‘ಬಹುದು’ ಹಾಗೆ ಜಾರುವುದಿಲ್ಲ. ಒಂದು ಸಂಖ್ಯೆಯಾದರೂ ಒಪ್ಪಿದರೆ ಹೌದು, ಒಂದೂ ಒಪ್ಪದಿದ್ದರೆ ಇಲ್ಲ.

ಅದರ ಅಣ್ಣ ‘ಲೇಬೇಕು’ ಇನ್ನೂ ಕಾಟ ಕೊಡುತ್ತಾನೆ. ಎಕ್ಸನ್ನು ಅದರ ಮಾಡ್ಯುಲಸ್‌ನಿಂದ ಭಾಗಿಸಿದ್ದು ಎಕ್ಸ್‌ಗಿಂತ ಚಿಕ್ಕದು ಎಂದಿಟ್ಟುಕೊಳ್ಳಿ, ಏನು ನಿಜವಾಗಿರಲೇಬೇಕು? ಬಿಡಿಸಿದರೆ ಎಕ್ಸ್ ಮೈನಸ್ ಒಂದು ಮತ್ತು ಸೊನ್ನೆಯ ನಡುವೆ ಇರಬೇಕು, ಇಲ್ಲವೇ ಒಂದಕ್ಕಿಂತ ದೊಡ್ಡದಿರಬೇಕು. ‘ಎಕ್ಸ್ ಒಂದಕ್ಕಿಂತ ದೊಡ್ಡದು’ ಎನ್ನುವುದು ನಿಜವಾಗಿರಬಹುದು ಅಷ್ಟೆ. ‘ಎಕ್ಸ್ ಮೈನಸ್ ಒಂದಕ್ಕಿಂತ ದೊಡ್ಡದು’ ಎನ್ನುವುದು ನಿಜವಾಗಿರಲೇಬೇಕು. ಇಲ್ಲಿ ಜಗಳಕ್ಕೆ ಬರುತ್ತಾರೆ: ಅರ್ಧ ಕೂಡ ಮೈನಸ್ ಒಂದಕ್ಕಿಂತ ದೊಡ್ಡದಲ್ಲವೇ, ಅದು ಮೂಲ ಷರತ್ತಿಗೆ ಒಪ್ಪುವುದಿಲ್ಲವಲ್ಲ? ಒಪ್ಪಬೇಕಾಗಿಲ್ಲ. ಬೆಂಗಳೂರಿನಲ್ಲಿರುವವರೆಲ್ಲ ಕರ್ನಾಟಕದಲ್ಲಿರಲೇಬೇಕು, ಅದಕ್ಕಾಗಿ ಕರ್ನಾಟಕದಲ್ಲಿರುವವರೆಲ್ಲ ಬೆಂಗಳೂರಿಗೆ ಬರಬೇಕಾಗಿಲ್ಲ.

ಪ್ರಥಮ ಪಿಯುಸಿಯ ಅಸಮತೆಗಳ ಅಧ್ಯಾಯದಲ್ಲಿ ನಮ್ಮ ಮಕ್ಕಳು ಬಿಡಿಸಿ, ಉತ್ತರದ ಗಣ ಬರೆದು, ಸಂಖ್ಯಾರೇಖೆಯ ಮೇಲೆ ದಪ್ಪಗೆ ಗೀಚುತ್ತಾರೆ. ಚೆನ್ನಾಗಿಯೇ ಗೀಚುತ್ತಾರೆ. ಆ ಗೆರೆಯನ್ನು ಅಲ್ಲೇ ಬಿಟ್ಟು, ಕೋಚಿಂಗ್‌ಗೆ ಬಂದ ಮೇಲೆ ಆರು ಸಂಖ್ಯೆ ಜೇಬಿಗೆ ಹಾಕಿಕೊಳ್ಳುತ್ತಾರೆ.

ಹುಡುಗನಿಗೆ ಒಂದು ಬಾಕಿ ಕೆಲಸ ಕೊಟ್ಟೆ. ಮೂರು ವಸ್ತುಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು, ಸೀಮೆಗಳಿರುವುದು ನಾಲ್ಕೇ. ಹಾಗಾದರೆ ಬಾರದ ಕ್ರಮ ಎರಡಿರಬೇಕು. ಒಂದು ಪ್ರಶ್ನೆಯಲ್ಲೇ ಇದೆ, ಇನ್ನೊಂದು ಯಾವುದು? ಅವನು ಪೆನ್ನು ಎತ್ತಲಿಲ್ಲ, ಯಾವ ಸಂಖ್ಯೆಯನ್ನೂ ಹಾಕಲಿಲ್ಲ. ಗೆರೆಯ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸಿ, “ದುಪ್ಪಟ್ಟು, ವ್ಯುತ್ಕ್ರಮ, ವರ್ಗ” ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ್ಯಾಕೆ ಕೇಳಿಲ್ಲ ಅವರು?” ಎಂದ.