ಮುಕ್ಕೋನಗಳ ಚಿಪ್ಪು

ಕಪ್ಪು ಮೈ, ಅದರ ತುಂಬ ಬಿಳಿಯ ಮುಕ್ಕೋನಗಳು. ಅಳತೆಪಟ್ಟಿ ಹಿಡಿದು ಗೀಚಿದವಲ್ಲ. ಒಂದು ಉಬ್ಬಿದೆ, ಇನ್ನೊಂದು ಓರೆಯಾಗಿದೆ, ಆದರೂ ಒಟ್ಟು ನೋಟ ಎಲ್ಲೂ ಕೆಡುವುದಿಲ್ಲ. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಬೆಚ್ಚನೆಯ ನೀರಿನಲ್ಲಿ, ಹವಳದ ದಿಬ್ಬಗಳ ಆಸುಪಾಸು ಬದುಕುವ ಕೋನಸ್ ಮಾರ್ಮೋರಿಯಸ್ ಎಂಬ ಬಸವನಹುಳುವಿನ ಚಿಪ್ಪು ಇದು. ಜೀವಿವಿಜ್ಞಾನಿ ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರಿಟ್ಟಿದ್ದ.

ಅದಕ್ಕೂ ಮೊದಲು, 1650ರಲ್ಲಿ, ಚಿತ್ರಕಾರ ರೆಂಬ್ರಾಂಟ್ ಇದನ್ನು ತಾಮ್ರದ ತಗಡಿನ ಮೇಲೆ ಮೂಡಿಸಿದ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದಲ್ಲ, ಸಹಿಯನ್ನು ತಿರುವುಮುರುವಾಗಿಯೇ ಬರೆದ. ಚಿಪ್ಪನ್ನು ಮಾತ್ರ ಕಂಡಂತೆ ಬಿಡಿಸಿಬಿಟ್ಟ. ಹಾಗಾಗಿ ಚಿತ್ರದಲ್ಲಿ ಸುರುಳಿ ಎದುರು ದಿಕ್ಕಿಗೆ ಸುತ್ತುತ್ತದೆ. ಮರೆತನೋ, ಬೇಕೆಂದೇ ಬಿಟ್ಟನೋ! ಆ ಚಿತ್ರದ ನೆರಳಿನ ದಟ್ಟ ಕಪ್ಪನ್ನು ನೋಡುವಾಗ ನನಗಂತೂ ಈ ಲೆಕ್ಕ ದೊಡ್ಡದೆನಿಸಿಲ್ಲ.

ಚಿಪ್ಪಿನೊಳಗಿರುವ ಜೀವಿ ಮಾತ್ರ ಸಾಧುವಲ್ಲ. ನೀರಿನಲ್ಲಿ ಬೆರೆತ ವಾಸನೆಯಿಂದಲೇ ಬೇಟೆಯ ಜಾಡು ಹಿಡಿಯುತ್ತದೆ. ಹತ್ತಿರ ಬಂದದ್ದೇ ಸೊಂಡಿಲು ಚಾಚಿ, ಟೊಳ್ಳಾದ ಹಲ್ಲನ್ನು ಈಟಿಯಾಗಿ ನೆಟ್ಟು, ಅದರ ಮೂಲಕ ವಿಷ ಹರಿಸುತ್ತದೆ. ಒಮ್ಮೆ ಬಳಸಿದ ಹಲ್ಲು ಮತ್ತೆ ಕೆಲಸಕ್ಕೆ ಬಾರದು; ಹೊಸದು ಒಳಗೆ ಸಿದ್ಧವಿರುತ್ತದೆ. ಅದರ ಊಟ ಬೇರೆ ಬಸವನಹುಳುಗಳು, ತನ್ನದೇ ಕುಲದ ಕೋನಸ್‌ಗಳೂ ಸೇರಿದಂತೆ.